ಮೈನಸ್ ಚಳಿಗೆ ಬೈಕ್ ಸಾಮಾನು: ಹ್ಯಾಂಡಲ್ ಮಫ್‌ಗೆ ಪೂರ್ತಿ ಅಂಕ, ಲಿಥಿಯಂ ಬ್ಯಾಟರಿಗೆ ಅರ್ಧವೂ ಇಲ್ಲ

ಹ್ಯಾಂಡಲ್ ಮಫ್ ಎಂದರೆ ಗ್ರಿಪ್, ಲಿವರ್ ಎರಡನ್ನೂ ಮುಚ್ಚುವ, ಕೈ ಒಳಗೆ ತೂರಿಸಿ ಓಡಿಸುವ ಚೀಲ. ನೋಡೋಕೆ ಚೆಂದವಿಲ್ಲ. ಹ್ಯಾಂಡಲಿಗೆ ಎರಡು ದಿಂಬು ಕಟ್ಟಿದ ಹಾಗೆ ಕಾಣುತ್ತದೆ. ಚಳಿಗಾಲದ ದೂರ ಸವಾರಿಗೆ ಹೊರಟವರು ಬಿಸಿ ಗ್ರಿಪ್, ಬಿಸಿ ಗ್ಲೌಸ್, ಹೊಸ ಜಾಕೆಟ್ ಎಲ್ಲ ಕೊಂಡು ಮುಗಿಸಿ, ದುಡ್ಡು ಉಳಿದರೆ ನೋಡೋಣ ಎಂದು ಕೊನೆಗೆ ಇಟ್ಟುಕೊಳ್ಳುವುದು ಇದನ್ನೇ. ಕೊಳ್ಳಬೇಕಾದ ಕ್ರಮ ಇದರ ತಿರುಗುಮುರುಗು. ಮೊದಲು ಗಾಳಿ ತಡೆಯಬೇಕು, ಆಮೇಲೆ ಕರೆಂಟಿನಿಂದ ಬಿಸಿ ಮಾಡಬೇಕು. ಗಾಳಿ ತಡೆಯದೆ ಎಷ್ಟು ವ್ಯಾಟ್ ಸುರಿದರೂ ಅದು ತೂತು ಬಿಂದಿಗೆಗೆ ನೀರು ಹೊಯ್ದ ಹಾಗೆ. ಇಲ್ಲಿನ ಮಾತೆಲ್ಲ ಮೈನಸ್ 10ರಿಂದ ಮೈನಸ್ 30 ಡಿಗ್ರಿ ಸೆಲ್ಸಿಯಸ್‌ವರೆಗಿನ ಚಳಿಗೆ, ದಿನವಿಡೀ ಓಡಿಸುವವರಿಗೆ.

ಒಂದು ಲೆಕ್ಕ ನೋಡಿ. ಹವಾಮಾನದವರು ಬಳಸುವ ಗಾಳಿಚಳಿಯ ಸೂತ್ರದ ಪ್ರಕಾರ, ಮೈನಸ್ 10ರಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ಬರಿ ಚರ್ಮಕ್ಕೆ ಮೈನಸ್ 24ರಷ್ಟು ಹೊಡೆತ. ಮೈನಸ್ 20ರಲ್ಲಿ ಅದೇ ವೇಗಕ್ಕೆ ಮೈನಸ್ 38. ಇದು ಮೈಗೆ ಅನ್ವಯಿಸುವ ಲೆಕ್ಕ, ಬೈಕಿಗಲ್ಲ. ಗಾಳಿ ಎಷ್ಟೇ ಬೀಸಲಿ, ಬ್ಯಾಟರಿ, ಆಯಿಲ್, ಕೂಲಂಟ್ ಯಾವುದೂ ಹೊರಗಿನ ಹವೆಗಿಂತ ಹೆಚ್ಚು ತಣ್ಣಗಾಗುವುದಿಲ್ಲ. ಬೇಗ ತಣ್ಣಗಾಗುತ್ತವೆ ಅಷ್ಟೆ. ಹಾಗಾಗಿ ಮೈಗೆ ಕೊಳ್ಳುವಾಗ ಗಾಳಿಚಳಿಯ ಅಂಕಿ, ಬೈಕಿಗೆ ಕೊಳ್ಳುವಾಗ ಥರ್ಮಾಮೀಟರಿನ ಅಂಕಿ.

ಹ್ಯಾಂಡಲ್ ಮಫ್

ಎರಡು ಬಗೆ ಸಿಗುತ್ತವೆ. ಒಂದು ತೆಳುವಾದ ನಿಯೋಪ್ರೀನಿನದು, ಮಡಚಿ ಜೇಬಿಗೆ ಹಾಕಿಕೊಳ್ಳಬಹುದು. ಇನ್ನೊಂದು ದಪ್ಪ ನೈಲಾನ್ ಹೊದಿಕೆಯ, ಒಳಗೆ ಹತ್ತಿಯಂಥ ನಾರು ತುಂಬಿದ, ಆಕಾರ ಬಿಡದ ಬಗೆ. ದೂರ ಸವಾರಿಗೆ ಎರಡನೆಯದೇ ಆಗಬೇಕು. ಮೆತ್ತನೆಯದರಲ್ಲಿ ಒಂದು ಅಪಾಯ ಅಡಗಿದೆ. ವೇಗ 70–80 ದಾಟಿದಾಗ ಗಾಳಿ ಅದನ್ನು ಹಿಂದಕ್ಕೆ ಒತ್ತಿ ಲಿವರ್ ಮೇಲೆ ಕೂರಿಸುತ್ತದೆ. ಬ್ರೇಕ್ ಲಿವರ್ ಒಂದೆರಡು ಮಿಲಿಮೀಟರ್ ಒಳಬಂದರೆ ಸಾಕು, ಹಿಂದಿನ ಕೆಂಪು ದೀಪ ಹತ್ತಿಕೊಂಡೇ ಇರುತ್ತದೆ, ಪ್ಯಾಡ್ ಡಿಸ್ಕಿಗೆ ಉಜ್ಜುತ್ತದೆ. ಕ್ಲಚ್ ಕಡೆ ಇದೇ ಆದರೆ ಪ್ಲೇಟ್ ಜಾರಿ ಸವೆಯುತ್ತದೆ. ನಿಂತ ಬೈಕಿನಲ್ಲೇ ಪರೀಕ್ಷೆ ಮಾಡಬಹುದು: ಇಗ್ನಿಷನ್ ಆನ್ ಮಾಡಿ, ಮಫ್‌ನ ಮುಂಭಾಗವನ್ನು ಅಂಗೈಯಿಂದ ಗಟ್ಟಿಯಾಗಿ ಹಿಂದಕ್ಕೆ ಒತ್ತಿ, ಇನ್ನೊಬ್ಬರು ಬ್ರೇಕ್ ದೀಪ ನೋಡಲಿ. ಹತ್ತಿತೋ, ಆ ಮಫ್ ಹಾಗೇ ಹಾಕುವಂತಿಲ್ಲ.

ಪರಿಹಾರ ಸುಲಭ. ಮೊದಲು ಅಲ್ಯುಮಿನಿಯಂ ಪಟ್ಟಿಯ ಹ್ಯಾಂಡ್‌ಗಾರ್ಡ್ ಹಾಕಿ, ಅದರ ಮೇಲೆ ಮಫ್ ತೊಡಿಸಬೇಕು. ಬಾರ್ಕ್‌ಬಸ್ಟರ್ಸ್ ಥರದ, ಎರಡು ತುದಿಯೂ ಹ್ಯಾಂಡಲಿಗೆ ಬಿಗಿಯುವ ಗಾರ್ಡ್ ಬೇಕು. ಒಂದೇ ತುದಿಯಲ್ಲಿ ತೂಗುವ ಪ್ಲಾಸ್ಟಿಕ್ ಗಾರ್ಡ್ ಆ ಒತ್ತಡಕ್ಕೆ ಬಾಗುತ್ತದೆ. ಪಟ್ಟಿ ಇದ್ದರೆ ಬೈಕ್ ಬಿದ್ದಾಗ ಲಿವರೂ ಉಳಿಯುತ್ತದೆ. ಹಿಮದ ಮೇಲೆ ಬೈಕ್ ಬೀಳದೆ ಇರುವುದಿಲ್ಲ.

ಕೊಳ್ಳುವಾಗ ಕೈ ಹಾಕುವ ಬಾಯಿಯನ್ನೇ ಹೆಚ್ಚು ಗಮನಿಸಿ. ಗ್ಲೌಸ್ ತೊಟ್ಟ ಕೈ ನೋಡದೆಯೇ ಒಳಹೋಗಬೇಕು, ಎಳೆದ ಕೂಡಲೇ ಹೊರಬರಬೇಕು. ದಾರ ಎಳೆದು ಮಣಿಕಟ್ಟಿಗೆ ಬಿಗಿಯುವ ಬಾಯಿ ಬೆಚ್ಚಗಿರುತ್ತದೆ ನಿಜ, ಆದರೆ ಬೀಳುವಾಗ ಕೈ ಹ್ಯಾಂಡಲಿಗೆ ಸಿಕ್ಕಿಕೊಳ್ಳುತ್ತದೆ. ಆ ದಾರವನ್ನು ಮನೆಯಲ್ಲೇ ಕತ್ತರಿಸಿಬಿಡಿ. ಬಾಯಿಯ ಸುತ್ತ ಕೊಂಚ ಗಡುಸಾದ ಅಂಚು ಇರುವುದು ಒಳ್ಳೆಯದು, ಇಲ್ಲವಾದರೆ ಒಮ್ಮೆ ಕೈ ತೆಗೆದರೆ ಬಾಯಿ ಮುಚ್ಚಿಕೊಂಡು, ಓಡುವ ಬೈಕಿನಲ್ಲಿ ಒಂದು ಕೈಯಿಂದ ಹುಡುಕಾಡಬೇಕಾಗುತ್ತದೆ. ಇಂಡಿಕೇಟರ್, ಹಾರ್ನ್, ಡಿಪ್ಪರ್ ಒಳಗೇ ಹೋಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ರೂಢಿಯಾಗಬೇಕು. ರಾತ್ರಿ ನಿಲ್ಲಿಸುವಾಗ ಬಾಯಿಗೆ ಒಂದು ಚಿಂದಿ ತುರುಕಿ. ಒಳಗೆ ಹಿಮ ಬಿದ್ದು ಬೆಳಿಗ್ಗೆ ಗ್ರಿಪ್ ಮೇಲೆ ಮಂಜುಗಡ್ಡೆಯಾಗಿ ಕೂತಿದ್ದರೆ ಇಷ್ಟೆಲ್ಲ ಮಾಡಿಯೂ ಉಪಯೋಗವಿಲ್ಲ.

ಮಫ್‌ನ ದೊಡ್ಡ ಗುಣ ಕರೆಂಟು ಕೇಳದಿರುವುದಲ್ಲ, ತೆಳು ಗ್ಲೌಸ್ ಸಾಕಾಗುವಂತೆ ಮಾಡುವುದು. ದಪ್ಪ ಗ್ಲೌಸಿನಲ್ಲಿ ಬ್ರೇಕ್ ಕಚ್ಚಿತೇ ಇಲ್ಲವೇ ಬೆರಳಿಗೆ ಗೊತ್ತಾಗುವುದಿಲ್ಲ. ಮಂಜುಗಡ್ಡೆಯ ಮೇಲೆ ಆ ಒಂದು ಅರಿವಿನಿಂದಲೇ ಬೈಕ್ ನಿಲ್ಲುವುದೋ ಜಾರುವುದೋ ತೀರ್ಮಾನವಾಗುತ್ತದೆ.

ಬಿಸಿ ಗ್ರಿಪ್

ಒಂಟಿಯಾಗಿ ಇದಕ್ಕೆ ಸಾಧಾರಣ ಅಂಕ, ಮಫ್ ಜೊತೆ ಸೇರಿದರೆ ಉತ್ತಮ. ಗ್ರಿಪ್ ಬಿಸಿ ಮಾಡುವುದು ಅಂಗೈಯನ್ನು. ಗಾಳಿ ಹೊಡೆಯುವುದು ಕೈಯ ಹಿಂಬದಿಗೆ, ಬೆರಳ ಗೆಣ್ಣುಗಳಿಗೆ. ಬರಿ ಗ್ರಿಪ್ ನಂಬಿದರೆ ಅಂಗೈ ಸುಡುತ್ತಿರುತ್ತದೆ, ಬೆರಳ ತುದಿ ಮರಗಟ್ಟಿರುತ್ತದೆ. ಮಫ್ ಒಳಗಾದರೆ ಅದೇ ಗ್ರಿಪ್ ಆ ಪುಟ್ಟ ಗೂಡಿನ ಗಾಳಿಯನ್ನೆಲ್ಲ ಬೆಚ್ಚಗೆ ಮಾಡುತ್ತದೆ. ಪೂರ್ತಿ ಬಿಸಿಯಲ್ಲಿ ಇಡುವ ಅಗತ್ಯವೇ ಬೀಳುವುದಿಲ್ಲ.

ಹೊರಗಿನಿಂದ ತಂದು ಹಾಕುವ ಗ್ರಿಪ್‌ಗಳು ಸಾಮಾನ್ಯವಾಗಿ ಪೂರ್ತಿ ಬಿಸಿಯಲ್ಲಿ 36ರಿಂದ 50 ವ್ಯಾಟ್ ಎಳೆಯುತ್ತವೆ. ಆಕ್ಸ್‌ಫರ್ಡ್ ಹಾಟ್‌ಗ್ರಿಪ್ಸ್ ಥರದವು ಸುಮಾರು 4 ಆಂಪಿಯರ್. ಜೋಡಿಸುವಾಗ ಆಗುವ ತಪ್ಪುಗಳು ಎಲ್ಲ ಕಡೆ ಒಂದೇ. ಬಲಗಡೆಯ ಗ್ರಿಪ್ ಆಕ್ಸಿಲೇಟರ್ ಜೊತೆ ತಿರುಗುವುದರಿಂದ ಅದರ ವೈರಿಗೆ ಸಡಿಲು ಬಿಡಬೇಕು. ಪೂರ್ತಿ ತಿರುಗಿಸಿದಾಗ ವೈರು ಬ್ರೇಕ್ ಲಿವರಿಗೋ ಸ್ವಿಚ್ ಪೆಟ್ಟಿಗೆಗೋ ಸಿಕ್ಕಬಾರದು. ಆಕ್ಸಿಲೇಟರಿನ ಪ್ಲಾಸ್ಟಿಕ್ ಕೊಳವೆಯ ಮೇಲಿನ ಏಣುಗಳನ್ನು ಅರದಿಂದ ಉಜ್ಜಿ ಸಮ ಮಾಡದಿದ್ದರೆ ಗ್ರಿಪ್ ಹೋಗುವುದಿಲ್ಲ. ಸುತ್ತಿಗೆಯಿಂದ ಬಡಿದರೆ ಒಳಗಿನ ತಂತಿ ಸುರುಳಿ ತುಂಡಾಗುತ್ತದೆ. ಅಂಟು ಹಚ್ಚಿದ ಮೇಲೆ ಕೂರಿಸಲು ಕೆಲವೇ ಸೆಕೆಂಡು ಸಿಗುತ್ತದೆ, ಹಾಗಾಗಿ ಅಂಟಿಲ್ಲದೆ ಒಮ್ಮೆ ಹಾಕಿ ನೋಡಿ, ವೈರು ಯಾವ ಕಡೆ ಬರಬೇಕೆಂದು ಪೆನ್ನಿನಿಂದ ಗುರುತು ಹಾಕಿಕೊಳ್ಳಿ.

ಎಡಗೈ ಯಾವಾಗಲೂ ಕಡಿಮೆ ಬಿಸಿ ಎಂಬ ದೂರು ಸುಳ್ಳಲ್ಲ. ಬಲಗಡೆ ಪ್ಲಾಸ್ಟಿಕ್ ಕೊಳವೆ ಅಡ್ಡ ಇದೆ, ಬಿಸಿ ಒಳಗೆ ಹೋಗದು. ಎಡಗಡೆ ಗ್ರಿಪ್ ನೇರ ಲೋಹದ ಹ್ಯಾಂಡಲ್ ಮೇಲೆ ಕೂರುತ್ತದೆ, ಅರ್ಧ ಬಿಸಿಯನ್ನು ಹ್ಯಾಂಡಲೇ ಕುಡಿದುಬಿಡುತ್ತದೆ. ಎಡಗಡೆ ಗ್ರಿಪ್ ಒಳಗೆ ಜಾಗವಿದ್ದರೆ ಹ್ಯಾಂಡಲ್ ಮೇಲೆ ಒಂದು ಸುತ್ತು ಹೀಟ್ ಶ್ರಿಂಕ್ ಕೊಳವೆ (ಬಿಸಿ ತಾಕಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್) ಹಾಕಿದರೆ ಈ ವ್ಯತ್ಯಾಸ ಬಹಳ ಮಟ್ಟಿಗೆ ಹೋಗುತ್ತದೆ.

ಬಿಸಿ ಬನಿಯನ್, ಬಿಸಿ ಗ್ಲೌಸ್

ಕರೆಂಟಿನ ಸಾಮಾನುಗಳಲ್ಲಿ ಒಂದನ್ನೇ ಆರಿಸಬೇಕೆಂದರೆ ತೋಳಿಲ್ಲದ ಬಿಸಿ ವೆಸ್ಟ್. ಎದೆ, ಬೆನ್ನು ತಣ್ಣಗಾದಾಗ ದೇಹ ಮೊದಲು ಕೈಕಾಲಿನ ರಕ್ತ ಕಡಿಮೆ ಮಾಡುತ್ತದೆ; ಎದೆ ಬೆಚ್ಚಗಿದ್ದರೆ ಬೆರಳಿಗೆ ತಾನಾಗಿ ರಕ್ತ ಹರಿಯುತ್ತದೆ. ವೆಸ್ಟ್ ಮೈಗೆ ಒತ್ತಿಕೊಂಡಿರಬೇಕು. ತೆಳುವಾದ ಒಂದು ಒಳ ಅಂಗಿಯ ಮೇಲೆ ವೆಸ್ಟ್, ಅದರ ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್. ಸ್ವೆಟರ್ ಮೇಲೆ ವೆಸ್ಟ್ ಹಾಕಿಕೊಂಡು ಬಿಸಿಯೇ ಆಗುತ್ತಿಲ್ಲ ಎನ್ನುವವರಿಗೆ ವೆಸ್ಟ್‌ನ ತಪ್ಪೇನೂ ಇಲ್ಲ.

ಬ್ಯಾಟರಿ ಒಳಗೇ ಇರುವ ಬಿಸಿ ಗ್ಲೌಸ್ ದೂರ ಸವಾರಿಗೆ ಬೇಡ. ಪೂರ್ತಿ ಬಿಸಿಯಲ್ಲಿ ಎರಡು ಮೂರು ಗಂಟೆಗೆ ಮುಗಿಯುತ್ತದೆ, ಚಳಿಯಲ್ಲಿ ಅದಕ್ಕೂ ಮೊದಲೇ. ಬೈಕಿನ 12 ವೋಲ್ಟಿಗೆ ಸಿಕ್ಕಿಸುವ ಬಗೆ ಪರವಾಗಿಲ್ಲ, ಆದರೆ ಪ್ರತಿ ಸಲ ಇಳಿದಾಗ ಬಿಚ್ಚಬೇಕು, ಬೆರಳ ಸಂದಿಯಲ್ಲಿ ತಂತಿ ಮಡಚಿ ಮಡಚಿ ತುಂಡಾಗುತ್ತದೆ. ಮಫ್ ಇದ್ದರೆ ಮೈನಸ್ 20ರವರೆಗೆ ಇದರ ಮಾತೇ ಬೇಡ.

ಕರೆಂಟಿನ ಲೆಕ್ಕ

ಇಷ್ಟನ್ನೆಲ್ಲ ಬೈಕ್ ಹೊತ್ತುಕೊಳ್ಳುತ್ತದೆಯೇ? ಇಂಜಿನ್ ಸುತ್ತುವಾಗ ಕರೆಂಟು ಹುಟ್ಟಿಸುವ ಆಲ್ಟರ್ನೇಟರ್ 400 ವ್ಯಾಟಿನದು ಎಂದಿಟ್ಟುಕೊಳ್ಳಿ. ಆ 400 ಸಿಗುವುದು ಇಂಜಿನ್ ಚೆನ್ನಾಗಿ ಸುತ್ತುವಾಗ. ಐಡ್ಲಿಂಗ್‌ನಲ್ಲಿ ಅದರ ಅರ್ಧ ಸಿಕ್ಕರೆ ಹೆಚ್ಚು. ಮುನ್ನೆಚ್ಚರಿಕೆಗೆಂದು ಶೇ. 20 ಪಕ್ಕಕ್ಕಿಟ್ಟರೆ ಉಳಿದದ್ದು 320. ಪೆಟ್ರೋಲ್ ಪಂಪ್, ಇಂಜೆಕ್ಷನ್, ಇಗ್ನಿಷನ್‌ಗೆ ಸುಮಾರು 115, ಹ್ಯಾಲೋಜನ್ ಹೆಡ್‌ಲೈಟಿಗೆ 55, ಹಿಂದಿನ ದೀಪ ಮೀಟರ್ ಎಲ್ಲಕ್ಕೂ 20. ಒಟ್ಟು 190. ಉಳಿಯುವುದು 130. ವೆಸ್ಟ್‌ಗೆ 75, ಗ್ರಿಪ್‌ಗೆ 48 ಎಂದರೆ 123. ಅಲ್ಲಿಗೆ ಮುಗಿಯಿತು, ಫೋನ್ ಚಾರ್ಜಿಗೇ ಉಳಿದದ್ದು 7 ವ್ಯಾಟ್. ಚಿಕ್ಕ ಬೈಕುಗಳಲ್ಲಿ ಆಲ್ಟರ್ನೇಟರೇ 200 ವ್ಯಾಟ್ ಮುಟ್ಟದಿರಬಹುದು. ಅಂಥ ಬೈಕಿಗೆ ಮಫ್ ಬಿಟ್ಟರೆ ಬೇರೆ ದಾರಿಯೇ ಇಲ್ಲ.

ಎಲ್‌ಇಡಿ ಹೆಡ್‌ಲೈಟ್ ಹಾಕಿ 30 ವ್ಯಾಟ್ ಉಳಿಸುವ ಸಲಹೆ ಬಹಳ ಜನ ಕೊಡುತ್ತಾರೆ. ಹಿಮ ಬೀಳುವ ರಸ್ತೆಗೆ ಇದು ತಿರುಗಿ ಬೀಳುತ್ತದೆ. ಹ್ಯಾಲೋಜನ್ ತನ್ನ ಬಿಸಿಯಿಂದ ಗಾಜಿನ ಮೇಲಿನ ಹಿಮ ಕರಗಿಸುತ್ತದೆ. ಎಲ್‌ಇಡಿಯ ಗಾಜು ತಣ್ಣಗೇ ಇರುವುದರಿಂದ ಹಿಮ ಮೆತ್ತಿಕೊಂಡು ಬೆಳಕೇ ಮುಚ್ಚಿಹೋಗುತ್ತದೆ, ಹತ್ತಾರು ಕಿಲೋಮೀಟರಿಗೊಮ್ಮೆ ನಿಂತು ಕೆರೆಯಬೇಕು.

ವೋಲ್ಟ್ ಮೀಟರ್ ಒಂದು ಹಾಕಿಸಿಕೊಳ್ಳಿ. ಓಡುವಾಗ 13.8ರಿಂದ 14.4 ಇದ್ದರೆ ಸರಿ. 13.2ಕ್ಕೆ ಇಳಿದರೆ ಒಂದನ್ನು ಕಡಿಮೆ ಮಾಡಿ. 12.8ಕ್ಕೆ ಬಂದರೆ ಬೈಕ್ ಓಡುತ್ತಿರುವಾಗಲೇ ಬ್ಯಾಟರಿ ಖಾಲಿಯಾಗುತ್ತಿದೆ ಎಂದೇ ಅರ್ಥ. ಬಿಸಿ ಸಾಮಾನುಗಳ ವೈರನ್ನು ಫ್ಯೂಸ್ ಮೂಲಕ ನೇರ ಬ್ಯಾಟರಿಯಿಂದ ತಂದು, ಇಗ್ನಿಷನ್ ಆನ್ ಆದಾಗ ಮಾತ್ರ ಹತ್ತುವ ರಿಲೇ ನಡುವೆ ಹಾಕಿ. ಹೆಡ್‌ಲೈಟ್ ವೈರಿಗೆ ಕೊಕ್ಕೆ ಹಾಕಿ ಕರೆಂಟು ಕದ್ದರೆ ಆ ತೆಳು ವೈರು ಕಾಯುತ್ತದೆ.

ಬ್ಯಾಟರಿ

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಹಗುರ, ಬೆಚ್ಚಗಿನ ಹವೆಯಲ್ಲಿ ಸೆಲ್ಫ್ ಹೊಡೆತ ಅದ್ಭುತ. ಮೈನಸ್ 10ರಿಂದ ಕೆಳಗೆ ಅದು ಬೇರೆಯೇ ಪ್ರಾಣಿ. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಒಮ್ಮೆ ಟಕ್ ಎಂದು ಸುಮ್ಮನಾಗುತ್ತದೆ. ಹೆಡ್‌ಲೈಟ್ ಎರಡು ಮೂರು ನಿಮಿಷ ಹಚ್ಚಿಟ್ಟರೆ ಒಳಗಿನ ಪ್ರತಿರೋಧದಿಂದ ಅದೇ ಬಿಸಿಯಾಗಿ ಎಚ್ಚರಗೊಳ್ಳುತ್ತದೆ, ಎರಡನೆಯ ಮೂರನೆಯ ಹೊಡೆತಕ್ಕೆ ಇಂಜಿನ್ ಹತ್ತಲೂಬಹುದು. ಇದನ್ನು ಬಲ್ಲವರು ಈ ಉಪಾಯ ಹೇಳಿ ಸುಮ್ಮನಾಗುತ್ತಾರೆ. ಅಸಲಿ ತೊಂದರೆ ಇಂಜಿನ್ ಹತ್ತಿದ ಮೇಲಿನದು. ಹತ್ತಿದ ಕೂಡಲೇ ಆಲ್ಟರ್ನೇಟರ್ ಅದಕ್ಕೆ ಚಾರ್ಜ್ ತುಂಬಲು ಶುರು ಮಾಡುತ್ತದೆ. ಸೊನ್ನೆಗಿಂತ ಕೆಳಗೆ ಲಿಥಿಯಂ ಸೆಲ್‌ಗೆ ಜೋರಾಗಿ ಚಾರ್ಜ್ ಕೊಟ್ಟರೆ ಲಿಥಿಯಂ ಒಳಗೆ ಇಂಗದೆ ಆನೋಡ್ (ಸೆಲ್‌ನ ಋಣ ಧ್ರುವ) ಮೇಲೆ ಲೋಹವಾಗಿ ಕಟ್ಟಿಕೊಳ್ಳುತ್ತದೆ. ಅಷ್ಟು ಶಕ್ತಿ ಕಾಯಂ ಹೋದ ಹಾಗೆ. ಒಂದು ಚಳಿಗಾಲ ಕಳೆಯುವಷ್ಟರಲ್ಲಿ ಬ್ಯಾಟರಿ ಮುದುಕನಾಗಿರುತ್ತದೆ.

ಎಜಿಎಂ ಬಗೆಯ, ಅಂದರೆ ಆಸಿಡ್ ಗಾಜಿನ ನಾರಿನ ಹಾಸಿನಲ್ಲಿ ಇಂಗಿರುವ, ಸೀಸದ ಬ್ಯಾಟರಿಯೇ ಇಲ್ಲಿ ಸರಿ. ತೂಕ ಎರಡು ಮೂರು ಪಟ್ಟು, ಇರಲಿ. ಅದಕ್ಕೂ ಚಳಿ ತಾಕುತ್ತದೆ: ಮೈನಸ್ 18ರ ಹೊತ್ತಿಗೆ ಸೆಲ್ಫ್ ತಿರುಗಿಸುವ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ, ಅದೇ ಹೊತ್ತಿಗೆ ಆಯಿಲ್ ಗಟ್ಟಿಯಾಗಿ ಇಂಜಿನ್ ತಿರುಗಿಸಲು ಹೆಚ್ಚು ಶಕ್ತಿ ಬೇಕಾಗುತ್ತದೆ. ಎರಡೂ ಕಡೆಯಿಂದ ಕತ್ತರಿ. ಆದರೆ ಚಾರ್ಜ್ ಕೊಟ್ಟರೆ ಕೆಡುವುದಿಲ್ಲ. ನೆನಪಿಡಬೇಕಾದ್ದು ಒಂದೇ, ಖಾಲಿ ಬಿಡಬಾರದು. ಪೂರ್ತಿ ಚಾರ್ಜ್ ಆದ ಬ್ಯಾಟರಿಯ ಆಸಿಡ್ ಮೈನಸ್ 50ಕ್ಕೂ ಹೆಪ್ಪುಗಟ್ಟದು. ಖಾಲಿಯಾದದ್ದು ಮೈನಸ್ 7–8ಕ್ಕೇ ಗಡ್ಡೆಯಾಗಿ ಪೆಟ್ಟಿಗೆ ಸೀಳುತ್ತದೆ. ಬೈಕ್ ನಿಲ್ಲಿಸಿ ಒಂದೆರಡು ಗಂಟೆ ಕಳೆದ ಮೇಲೆ 12.7 ವೋಲ್ಟಿಗಿಂತ ಕಡಿಮೆ ತೋರಿಸಿದರೆ ರಾತ್ರಿ ಬ್ಯಾಟರಿ ಬಿಚ್ಚಿ ಒಳಗೆ ತಂದಿಟ್ಟುಕೊಳ್ಳಿ. ಜಂಪ್ ಸ್ಟಾರ್ಟರ್ ಪೆಟ್ಟಿಗೆ ಒಯ್ಯುವುದಾದರೆ ಅದೂ ಲಿಥಿಯಮ್ಮೇ. ಜಾಗ ಬೈಕಿನ ಡಬ್ಬಿಯಲ್ಲಲ್ಲ, ಜಾಕೆಟ್ಟಿನ ಒಳಜೇಬಿನಲ್ಲಿ.

ಆಯಿಲ್, ಕೂಲಂಟ್

ಡಬ್ಬಿಯ ಮೇಲಿನ ಡಬ್ಲ್ಯು ಅಕ್ಷರದ ಹಿಂದಿನ ಅಂಕಿ ಚಳಿಯ ಅಂಕಿ. ಆಯಿಲಿನ ದರ್ಜೆ ನಿಗದಿ ಮಾಡುವ ಎಸ್‌ಎಇ ಸಂಸ್ಥೆಯ ಪರೀಕ್ಷೆಯಲ್ಲಿ ಸೆಲ್ಫ್ ತಿರುಗುವಷ್ಟು ತೆಳುವಾಗಿರಬೇಕಾದ ಉಷ್ಣಾಂಶ 20ಡಬ್ಲ್ಯುಗೆ ಮೈನಸ್ 15, 15ಡಬ್ಲ್ಯುಗೆ ಮೈನಸ್ 20, 10ಡಬ್ಲ್ಯುಗೆ ಮೈನಸ್ 25, 5ಡಬ್ಲ್ಯುಗೆ ಮೈನಸ್ 30, 0ಡಬ್ಲ್ಯುಗೆ ಮೈನಸ್ 35. ಒಂದೊಂದು ಮೆಟ್ಟಿಲಿಗೆ 5 ಡಿಗ್ರಿ. ಆ ಅಂಚಿನಲ್ಲೇ ಬದುಕುವುದು ಜಾಣತನವಲ್ಲ. ದಾರಿಯ ಅತಿ ಕೆಟ್ಟ ರಾತ್ರಿಗಿಂತ 10 ಡಿಗ್ರಿ ಕೆಳಗಿನದನ್ನು ಆರಿಸಿ. ಮೈನಸ್ 20ರ ದಾರಿಗೆ 5ಡಬ್ಲ್ಯು, ಮೈನಸ್ 25 ಕಾಣಬಹುದಾದರೆ 0ಡಬ್ಲ್ಯು. ಎರಡನೆಯ ಅಂಕಿ, 40 ಅಥವಾ 50, ಬೈಕಿನ ಪುಸ್ತಕ ಹೇಳಿದ್ದೇ ಇರಲಿ.

0ಡಬ್ಲ್ಯು-40 ಹೆಚ್ಚಾಗಿ ಸಿಗುವುದು ಕಾರಿನ ಡಬ್ಬಿಯಲ್ಲಿ, ಎಡವುವುದೂ ಇಲ್ಲೇ. ಕ್ಲಚ್ ಆಯಿಲಿನಲ್ಲೇ ಮುಳುಗಿರುವ ಬೈಕಿಗೆ ಜಾಸೋ ಎಂಎ ಅಥವಾ ಎಂಎ2 ಗುರುತು (ಅಂಥ ಕ್ಲಚ್ಚಿಗೆ ಹೊಂದುವ ಆಯಿಲಿನ ಜಪಾನಿ ದರ್ಜೆ) ಬೇಕೇ ಬೇಕು. ಆ ಗುರುತಿಲ್ಲದ, ಪೆಟ್ರೋಲ್ ಉಳಿಸುವ ನುಣುಪು ಸೇರಿಸಿದ ಕಾರಿನ ಆಯಿಲ್ ಹೊಯ್ದರೆ ಏರಿನಲ್ಲಿ ಇಂಜಿನ್ ಕೂಗುತ್ತದೆ, ಬೈಕ್ ಏರುವುದಿಲ್ಲ. ಒಣ ಕ್ಲಚ್ಚಿನ ಬೈಕಿಗೆ ಈ ತಲೆನೋವಿಲ್ಲ. ಚೈನ್ ಬದಲು ಶಾಫ್ಟ್ ಇರುವ ಬೈಕಾದರೆ ಹಿಂದಿನ ಗೇರ್ ಪೆಟ್ಟಿಗೆಗೆ 75ಡಬ್ಲ್ಯು-90 ಸಿಂಥೆಟಿಕ್. 80ಡಬ್ಲ್ಯು-90 ಮೈನಸ್ 25ರ ಕೆಳಗೆ ಜೇನಿನ ಹಾಗೆ ನಿಂತುಬಿಡುತ್ತದೆ.

ಕೂಲಂಟ್ ವಿಷಯದಲ್ಲಿ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬುದು ತಪ್ಪು. ಎಥಿಲೀನ್ ಗ್ಲೈಕಾಲ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿದರೆ ಸುಮಾರು ಮೈನಸ್ 37ರವರೆಗೆ ಹೆಪ್ಪುಗಟ್ಟದು, 60ಕ್ಕೆ 40 ಆದರೆ ಮೈನಸ್ 50ರ ಆಚೆ. ನೀರೇ ಇಲ್ಲದ ಶುದ್ಧ ಗ್ಲೈಕಾಲ್ ಮಾತ್ರ ಮೈನಸ್ 13ರ ಸುತ್ತಮುತ್ತಲೇ ಹೆಪ್ಪುಗಟ್ಟುತ್ತದೆ! ದ್ರವದಲ್ಲಿ ಬೆಳಕು ಬಾಗುವುದನ್ನು ಅಳೆಯುವ ರೆಫ್ರಾಕ್ಟೋಮೀಟರಿನಲ್ಲಿ ಎರಡು ಹನಿ ಹಾಕಿ ನೋಡಿದರೆ ಒಳಗಿರುವುದೇನೆಂದು ಗೊತ್ತಾಗುತ್ತದೆ. ಓಡುವಾಗ ಇಂಜಿನ್ ಬಿಸಿ ಏರದಿದ್ದರೆ ರೇಡಿಯೇಟರಿನ ಅರ್ಧದಿಂದ ಮುಕ್ಕಾಲು ಭಾಗ ರಟ್ಟಿನಿಂದ ಮುಚ್ಚಿ. ಪೂರ್ತಿ ಮುಚ್ಚಬೇಡಿ, ಊರೊಳಗಿನ ಸಾಲಿನಲ್ಲಿ ನಿಂತಾಗ ಕುದಿಯುತ್ತದೆ.

ಬ್ರೀದರ್ ಪೈಪ್

ಅಂಗಡಿಯಲ್ಲಿ ಯಾರೂ ಮಾರದ, ಆದರೆ ಇಂಜಿನ್ ಕೆಡಿಸುವ ಶಕ್ತಿಯುಳ್ಳ ವಿಷಯ ಇದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೋಗುತ್ತದೆ, ಒಂದಿಷ್ಟು ಪಿಸ್ಟನ್ ರಿಂಗ್ ದಾಟಿ ಕ್ರ್ಯಾಂಕ್ ಕೇಸಿಗೆ, ಅಂದರೆ ಇಂಜಿನ್ನಿನ ಕೆಳಪೆಟ್ಟಿಗೆಗೆ, ಇಳಿಯುತ್ತದೆ. ಅದು ಹೊರಬರುವ ದಾರಿಯೇ ಬ್ರೀದರ್ ಪೈಪ್. ಮೈನಸ್ 20ರಲ್ಲಿ ಆ ಆವಿ ಪೈಪಿನ ತಣ್ಣಗಿನ ತುದಿಯಲ್ಲಿ ಮೊದಲು ಇಬ್ಬನಿ, ಆಮೇಲೆ ಮಂಜು, ಆಮೇಲೆ ಬಿರಡೆ. ದಾರಿ ಮುಚ್ಚಿದಾಗ ಒಳಗಿನ ಒತ್ತಡ ಎಲ್ಲಿ ಬಡವನಿದ್ದಾನೋ ಅಲ್ಲಿ ಹೊಡೆಯುತ್ತದೆ: ಆಯಿಲ್ ಹಾಕುವ ಬಿರಡೆ ಹಾರುತ್ತದೆ, ಇಲ್ಲವೇ ಮುಂದಿನ ಸ್ಪ್ರಾಕೆಟ್ ಹಿಂದಿನ ಸೀಲ್ ಹೊರಬಂದು ಹಿಂದಿನ ಟಯರಿನ ಮೇಲೆಲ್ಲ ಆಯಿಲ್. ಸೀಲ್ ಹಳೆಯದಾಗಿತ್ತೆಂದು ಬದಲಿಸಿ ಹೊರಟರೆ ಮರುದಿನ ಹೊಸದೂ ಹೊರಗೆ.

ಪೈಪ್ ಹೊರಗೆ ತೆರೆದಿರುವ ಹಳೆಯ ಬಗೆಯ ಬೈಕಿನಲ್ಲಿ, ಇಂಜಿನ್ನಿಗೆ ಹತ್ತಿರದ ಬಿಸಿ ಭಾಗದಲ್ಲಿ 10–15 ಮಿ.ಮೀ. ಉದ್ದದ ಸೀಳು ಕೊಯ್ದರೆ ತುದಿ ಹೆಪ್ಪುಗಟ್ಟಿದರೂ ಗಾಳಿ ಅಲ್ಲಿಂದ ಹೋಗುತ್ತದೆ. ಚಿಕ್ಕ ವಿಮಾನಗಳ ಇಂಜಿನ್ನಿನಲ್ಲಿ ಇದೇ ಕಾರಣಕ್ಕೆ ಇಂಥದೇ ಕಿಂಡಿ ಇರುತ್ತದೆ. ಪೈಪ್ ಏರ್ ಫಿಲ್ಟರ್ ಪೆಟ್ಟಿಗೆಗೆ ಹೋಗುವ ಬೈಕಿನಲ್ಲಿ ಬರಿ ಸೀಳು ಬೇಡ, ಸೋಸದ ಗಾಳಿ ಒಳಸೇರುತ್ತದೆ. ಅಲ್ಲಿ ಟಿ ಆಕಾರದ ಜೋಡಣೆ ಹಾಕಿ, ಮೂರನೆಯ ಬಾಯಿಗೆ ಪುಟ್ಟ ಫಿಲ್ಟರ್ ಕೂರಿಸಿ ಕೆಳಮುಖವಾಗಿ ಸಿಲಿಂಡರ್ ಪಕ್ಕ ಬಿಡಬೇಕು. ಉಳಿದ ಪೈಪಿಗೆ ಫೋಮ್ ಸುತ್ತಿ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ಲೋಳೆ ಕಂಡರೆ ನೀರು ಸೇರುತ್ತಿದೆ, ಇಂಜಿನ್ ಸಾಕಷ್ಟು ಬಿಸಿಯಾಗುತ್ತಿಲ್ಲ ಎಂದು ಲೆಕ್ಕ.

ಕಾರ್ಬುರೇಟರ್ ಬೈಕಿನವರಿಗೆ ಇನ್ನೊಂದು ಮಾತು. ಮೈನಸ್ 25ರ ಗಾಳಿ 20 ಡಿಗ್ರಿಯ ಗಾಳಿಗಿಂತ ಶೇ. 18ರಷ್ಟು ದಟ್ಟ. ಪೆಟ್ರೋಲ್ ಬಿಡುವ ಸಣ್ಣ ತೂತಿನ ಜೆಟ್ ಹಾಗೇ ಬಿಟ್ಟರೆ ಪೆಟ್ರೋಲ್ ಸಾಲದೆ ಇಂಜಿನ್ ಉಗ್ಗುತ್ತದೆ, ಒಳಗೆ ಕಾಯುತ್ತದೆ. ಮೇನ್ ಜೆಟ್ ಒಂದೋ ಎರಡೋ ನಂಬರ್ ದೊಡ್ಡದು ಹಾಕಿ, ಪ್ಲಗ್ ಬಣ್ಣ ನೋಡಿ ನಿಶ್ಚಯಿಸಿ. ಇಂಜೆಕ್ಷನ್ ಬೈಕ್ ಇದನ್ನು ತಾನೇ ನೋಡಿಕೊಳ್ಳುತ್ತದೆ.

ಬ್ರೇಕ್, ಕೇಬಲ್, ಚೈನ್

ಬ್ರೇಕ್ ಆಯಿಲ್ ಹೊಸದಾಗಿರಲಿ. ಮೈನಸ್ 40ರಲ್ಲಿ ಡಾಟ್ 4 ದರ್ಜೆಯ ಆಯಿಲಿಗೆ ಅನುಮತಿಸಿದ ಗಟ್ಟಿತನದ ಮಿತಿ 1800 ಸೆಂಟಿಸ್ಟೋಕ್ಸ್ (ದ್ರವದ ಗಟ್ಟಿತನದ ಅಳತೆ), ಡಾಟ್ 5.1ಕ್ಕೆ 900. ಎಬಿಎಸ್ ಇರುವ ಬೈಕಿನಲ್ಲಿ ಈ ಅರ್ಧಕ್ಕರ್ಧ ವ್ಯತ್ಯಾಸ ಲಿವರಿನಲ್ಲೇ ತಿಳಿಯುತ್ತದೆ. 5.1 ಹೊಯ್ಯಿರಿ, ಬರಿ 5 ಬೇಡ, ಅದು ಸಿಲಿಕೋನಿನದು, ಇದರ ಜೊತೆ ಬೆರೆಯದು.

ಕ್ಲಚ್, ಆಕ್ಸಿಲೇಟರ್ ಕೇಬಲ್‌ಗೆ ಗ್ರೀಸ್ ತುಂಬುವ ಅಭ್ಯಾಸ ಚಳಿಗೆ ಆಗದು. ಗ್ರೀಸ್ ಮೇಣವಾಗುತ್ತದೆ, ಆಕ್ಸಿಲೇಟರ್ ಬಿಟ್ಟರೂ ಹಿಂದಕ್ಕೆ ಬರುವುದಿಲ್ಲ. ಕೇಬಲ್ ಬಿಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದು ರಾತ್ರಿ ತೂಗುಹಾಕಿ ತೇವ ಒಣಗಿಸಿ, ತೆಳುವಾದ ಸಿಲಿಕೋನ್ ಎಣ್ಣೆ ಮಾತ್ರ ಬಿಡಿ. ಚಕ್ರದ ಬೇರಿಂಗ್, ಹ್ಯಾಂಡಲಿನ ಬೇರಿಂಗಿಗೆ ಮೈನಸ್ 40ರವರೆಗಿನ ಸಿಂಥೆಟಿಕ್ ಗ್ರೀಸ್. ಮುಂದಿನ ಫೋರ್ಕಿಗೆ ಒಂದು ಮೆಟ್ಟಿಲು ತೆಳುವಾದ ಆಯಿಲ್, ಹೊರಗೆ ರಬ್ಬರ್ ಗೇಟರ್, ಅಂದರೆ ಕೊಳವೆ ಮುಚ್ಚುವ ಮಡಿಕೆಯ ಕವಚ. ಫೋರ್ಕ್ ಕೊಳವೆಗೆ ಅಂಟಿದ ಮಂಜುಗಡ್ಡೆ ಸೀಲನ್ನು ಚಾಕುವಿನಂತೆ ಕೊಯ್ಯುತ್ತದೆ.

ರಸ್ತೆಗೆ ಉಪ್ಪು ಹಾಕುವ ಕಡೆ ಹೋಗುವುದಾದರೆ ಎಸಿಎಫ್-50 ಥರದ ತುಕ್ಕುತಡೆ ಸ್ಪ್ರೇ ದುಡ್ಡಿಗೆ ತಕ್ಕ ಸಾಮಾನು. ಹೊರಡುವ ಮುನ್ನ ಬೈಕ್ ತೊಳೆದು ಪೂರ್ತಿ ಒಣಗಿಸಿ, ಡಿಸ್ಕ್, ಪ್ಯಾಡ್, ಟಯರ್‌ಗೆ ಬಟ್ಟೆ ಮುಚ್ಚಿ ಉಳಿದೆಲ್ಲ ಕಡೆ ತೆಳುವಾಗಿ ಹೊಡೆಯಿರಿ. ದಾರಿಯಲ್ಲಿ ತೊಳೆಯಲು ತಣ್ಣೀರೇ ಆಗಬೇಕು, ಬಿಸಿನೀರು ಉಪ್ಪಿನ ಕೆಲಸವನ್ನು ಚುರುಕುಗೊಳಿಸುತ್ತದೆ. ಮೇಣದಂಥ ಚೈನ್ ಸ್ಪ್ರೇ ಚಳಿಗೆ ಹಕ್ಕಳೆಯಾಗಿ ಉದುರುತ್ತದೆ. ತೆಳು ಎಣ್ಣೆ, ದಿನಾ ಸಂಜೆ, ಚೈನ್ ಇನ್ನೂ ಬೆಚ್ಚಗಿರುವಾಗ.

ಟಯರ್ ಮತ್ತು ಸ್ಟಡ್

ಬೇಸಿಗೆಯ ಟಯರಿನ ರಬ್ಬರ್ 7 ಡಿಗ್ರಿಯ ಕೆಳಗೇ ಗಡುಸಾಗಲು ಶುರು. ಹೈಡನಾವ್, ಮಿಟಾಸ್, ಆನ್ಲಾಸ್ ಚಳಿಗಾಲದ ರಬ್ಬರಿನ ಬೈಕ್ ಟಯರ್ ಮಾಡುತ್ತವೆ. ತೇವದ ತಣ್ಣನೆಯ ಡಾಂಬರಿಗೆ, ಒತ್ತಿದ ಹಿಮಕ್ಕೆ ಇವು ಸಾಕು. ನುಣುಪಾದ ಮಂಜುಗಡ್ಡೆಗೆ ಯಾವ ರಬ್ಬರೂ ಸಾಲದು, ಅಲ್ಲಿ ಲೋಹವೇ ಬೇಕು.

ಸ್ಟಡ್ ಎಂದರೆ ಟಯರಿನ ರಬ್ಬರಿಗೆ ಕೂರಿಸುವ ಲೋಹದ ಮೊಳೆ. ತಿರುಗಿಸಿ ಕೂರಿಸುವ, ತುದಿಯಲ್ಲಿ ಬಹಳ ಗಡುಸಾದ ಕಾರ್ಬೈಡ್ ಇರುವ ಬಗೆ ದೂರ ಸವಾರಿಗೆ ಒಳ್ಳೆಯದು, ಕಳಚಿದರೆ ದಾರಿಯಲ್ಲೇ ಹೊಸದು ಹಾಕಬಹುದು. ಮಾಮೂಲಿ ಕಬ್ಬಿಣದ ಸ್ಕ್ರೂ ಡಾಂಬರಿನ ಮೇಲೆ ಬಹುಬೇಗ ಸವೆದು ಬೋಳಾಗುತ್ತದೆ. ಆರಿಸುವ ಮೊದಲು ಟಯರಿನ ಮೇಲೆ ಎದ್ದಿರುವ ರಬ್ಬರ್ ಗಡ್ಡೆಯ ಎತ್ತರ ಅಳೆಯಿರಿ. ಸ್ಟಡ್ಡಿನ ಒಳಭಾಗ ಅದಕ್ಕಿಂತ ಕಡಿಮೆ ಉದ್ದದ್ದಾಗಿರಬೇಕು, ಇಲ್ಲವಾದರೆ ಒಳಗಿನ ನೂಲಿನ ಪದರಕ್ಕೆ ಚುಚ್ಚಿ ಟ್ಯೂಬ್ ಹೋಗುತ್ತದೆ. ಡಾಂಬರು, ಹಿಮ ಎರಡೂ ಬೆರೆತ ರಸ್ತೆಗೆ ಹೊರಗೆ 2 ಮಿ.ಮೀ. ಆಸುಪಾಸು ಚಾಚಿದರೆ ಸಾಕು. ಸ್ಕ್ರೂ ಡ್ರೈವರ್ ಮೆಷಿನ್ನನ್ನು ನಿಧಾನದ ಗತಿಗೆ ಇಟ್ಟು, ಸ್ಟಡ್ಡಿಗೆ ಸೋಪಿನ ನೀರು ತಾಕಿಸಿ ಕೂರಿಸಿ. ಎಣ್ಣೆ ಹಚ್ಚಿದರೆ ಹೊರಬರುವುದೂ ಅಷ್ಟೇ ಸಲೀಸು. ಮುಂದಿನ ಟಯರಿನಲ್ಲಿ ಪಕ್ಕದ ಗಡ್ಡೆಗಳನ್ನು ಮರೆಯಬೇಡಿ, ತಿರುವಿನಲ್ಲಿ ಹಿಡಿಯುವುದು ಅವೇ. ಟಯರ್ ಎಷ್ಟೇ ತಿರುಗಿದರೂ ಒಂದಲ್ಲ ಒಂದು ಸ್ಟಡ್ ನೆಲಕ್ಕೆ ತಾಕಿರುವ ಹಾಗೆ ಸಾಲುಗಳನ್ನು ಹಿಂದುಮುಂದಾಗಿ ಹೆಣೆಯಿರಿ. ಮಡ್‌ಗಾರ್ಡಿಗೂ ಸ್ವಿಂಗ್ ಆರ್ಮಿಗೂ ಸಂದು ಇದೆಯೇ ಎಂದು ಚಕ್ರ ಕೈಯಿಂದ ತಿರುಗಿಸಿ ನೋಡಿ. ಒಣ ಡಾಂಬರಿನಲ್ಲಿ ಸ್ಟಡ್ ಹಿಡಿತ ಕಡಿಮೆ ಮಾಡುತ್ತದೆ, ಬ್ರೇಕಿಗೆ ಜಾಗ ಹೆಚ್ಚು ಬೇಕು. ಕೆಲವು ದೇಶಗಳಲ್ಲಿ ಸ್ಟಡ್‌ಗೆ ನಿಷೇಧವಿದೆ, ಕೆಲವೆಡೆ ಇಂತಿಷ್ಟು ತಿಂಗಳು ಮಾತ್ರ ಅನುಮತಿ.

ಗಾಳಿಯನ್ನು ಹೊರಗೆ, ಚಳಿಯಲ್ಲೇ ತುಂಬಿ. 20 ಡಿಗ್ರಿಯ ಕೋಣೆಯಲ್ಲಿ 36 ಪಿಎಸ್‌ಐ ತುಂಬಿದ ಟಯರ್ ಮೈನಸ್ 20ರಲ್ಲಿ 29 ತೋರಿಸುತ್ತದೆ. ಪಂಕ್ಚರ್ ಎಂದು ಹುಡುಕಿದರೆ ತೂತೇ ಸಿಗದು.

ಹೆಲ್ಮೆಟ್ ಗ್ಲಾಸ್

ಗ್ಲಾಸಿಗೆ ಮಂಜು ಕಟ್ಟದಂತೆ ಒಳಗೆ ಸಿಕ್ಕಿಸುವ ಪಿನ್‌ಲಾಕ್ ಒಳಪದರ ಇಲ್ಲದ ಹೆಲ್ಮೆಟ್ ಈ ಚಳಿಗೆ ಲೆಕ್ಕಕ್ಕಿಲ್ಲ. 30, 70, 120 ಎಂಬ ಮೂರು ದರ್ಜೆಗಳಲ್ಲಿ 120 ತೆಗೆದುಕೊಳ್ಳಿ. ಅಂಚಿನ ಸಿಲಿಕೋನ್ ಗೆರೆ ಸುತ್ತಲೂ ಗ್ಲಾಸಿಗೆ ಅಂಟಿರಬೇಕು. ಒಂದು ಕಡೆ ಎದ್ದಿದ್ದರೂ ಎರಡು ಪದರದ ನಡುವೆ ಮಂಜು ಕಟ್ಟುತ್ತದೆ, ಒರೆಸಲೂ ಆಗದು. ಬದಿಯ ಗುಬಟುಗಳನ್ನು ಕೊಂಚ ತಿರುಗಿಸಿದರೆ ಬಿಗಿಯಾಗುತ್ತದೆ. ಮೈನಸ್ 15ರ ಕೆಳಗೆ ಉಸಿರು ಅದರ ಮೇಲೂ ಹರಳುಗಟ್ಟುತ್ತದೆ. ಆಗ ಮೂಗು ಬಾಯಿ ಮುಚ್ಚಿ ಉಸಿರನ್ನು ಕೆಳಕ್ಕೆ ತಳ್ಳುವ ಮುಸುಕು, ಅಥವಾ ಸ್ನೋಮೊಬೈಲ್ ಹೆಲ್ಮೆಟ್ಟಿನ ಕರೆಂಟ್ ಗ್ಲಾಸ್. ಎರಡನೆಯದು ದುಬಾರಿ, ಆದರೆ ಕಣ್ಣು ಕಾಣದೆ ಮಿಕ್ಕ ಯಾವ ಸಾಮಾನೂ ಕೆಲಸಕ್ಕೆ ಬರುವುದಿಲ್ಲ.

ಎಲ್ಲ ಜೋಡಿಸಿ ಮುಗಿದ ಮೇಲೆ ಬೈಕನ್ನು ಒಂದಿಡೀ ರಾತ್ರಿ ಹೊರಗೆ ಬಿಡಿ. ಬೆಳಿಗ್ಗೆ ಇಂಜಿನ್ ಹಚ್ಚುವ ಮೊದಲೇ ಆಕ್ಸಿಲೇಟರ್ ತಿರುಗಿಸಿ ಬಿಟ್ಟರೆ ತಾನಾಗಿ ಹಿಂದಕ್ಕೆ ಬರುತ್ತದೆಯೇ, ಸೈಡ್ ಸ್ಟ್ಯಾಂಡ್ ಸ್ಪ್ರಿಂಗ್ ಎಳೆಯುತ್ತದೆಯೇ, ಮಫ್ ಒಳಗಿನ ಸ್ವಿಚ್ಚುಗಳು ಒತ್ತಿದ ಮೇಲೆ ಮೇಲೇಳುತ್ತವೆಯೇ ನೋಡಿ. ಸೀಟಿನ ಲಾಕ್ ಕೂಡ ಪರೀಕ್ಷಿಸಿ. ಅದರೊಳಗೆ ಹನಿ ನೀರು ಹೆಪ್ಪುಗಟ್ಟಿದರೆ ಸೀಟು ಏಳುವುದಿಲ್ಲ, ಸೀಟಿನ ಕೆಳಗಿನ ಬ್ಯಾಟರಿಗೆ ಕೈ ಎಟುಕುವುದಿಲ್ಲ, ಒಳಜೇಬಿನಲ್ಲಿ ಬೆಚ್ಚಗಿಟ್ಟ ಜಂಪ್ ಸ್ಟಾರ್ಟರ್ ಅಲ್ಲೇ ಉಳಿಯುತ್ತದೆ. ಬ್ಯಾಟರಿಯಿಂದ ದಪ್ಪ ವೈರಿನ ಒಂದು ಜೋಡಿ ತುದಿಯನ್ನು ಫ್ಯೂಸ್ ಸಮೇತ ಮೊದಲೇ ಹೊರಗೆ ತಂದು, ಮುಚ್ಚಳ ಹಾಕಿ ಫ್ರೇಮಿಗೆ ಕಟ್ಟಿಡಿ.